ಹೊಸ ಕಲ್ಲಿನ ಸುತ್ತು

ಮೊಮ್ಮಕ್ಕಳಾದ ಶರಣು, ಗೌರಿ, ಮೊನ್ನೆ ನೀವಿಬ್ಬರೂ ಹೋಳಿಗೆಗೆ ಜಾಯಿಕಾಯಿ ತುರಿಯುತ್ತಿದ್ದಾಗ ನಾನು ಎದ್ದು ಹಿತ್ತಲಿಗೆ ಹೋದೆ. ಯಾಕಜ್ಜಿ ಎಂದು ಕೇಳಿದಿರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ವಾಸನೆಗೆ ಕುರುಗೋಡಿನ ಗ್ರಂಧಿಗೆ ಅಂಗಡಿಯ ಅಜ್ಜ ನೆನಪಾದರು. ಬೇರು, ತೊಗಟೆ, ಒಣಕಾಯಿ ಮಾರುತ್ತಿದ್ದರು. ಬಜೆಬೇರು ಕೇಳಿದರೆ ಮುರಿದು ಮೂಸಿ, ಒಂದು ಚೂರು ತಾವೇ ಅಗಿದು ನೋಡಿ ಕೊಡುವರು. ಹುಳ ಕೊರೆದದ್ದು, ಘಾಟು ಹೋದದ್ದು ಒಲೆಗೆ...

ನಿಮ್ಮಪ್ಪ ಆಗ ಹಸುಗೂಸು. ಕೂಸಿಗೆ ನೀರೆರೆದ ಮೇಲೆ ಬಜೆ, ಅಳಲೆಕಾಯಿ, ಜಾಯಿಕಾಯಿಯನ್ನು ಕಲ್ಲಿನ ಮೇಲೆ ಒಂದೊಂದು ಸುತ್ತು ತೇಯ್ದು ನೆಕ್ಕಿಸುವುದು ಎಲ್ಲರ ಮನೆಯ ರೂಢಿ. ನಮ್ಮ ಹಳೆಯ ಕಲ್ಲು ಒಡೆದಿತ್ತು. ಅತ್ತೆ ಸಂತೆಯಿಂದ ಹೊಸದು ತಂದಿದ್ದರು. ಸುತ್ತು ಎಂದಿನಷ್ಟೇ ಹಾಕಿದೆವು. ಆದರೆ ಮಲಗಿದ ಕೂಸು ಹೊತ್ತು ಇಳಿದರೂ ಕಣ್ಣು ತೆರೆಯಲಿಲ್ಲ, ಹಾಲಿಗೂ ಏಳಲಿಲ್ಲ.

ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಓಡಿದೆ. ಹಿಂದೆಯೇ ಬಂದ ಅತ್ತೆ, "ಎಂಥಾ ಜಾಯಿಕಾಯಿ ಕೊಟ್ಟೀರಿ ನೀವು!" ಎಂದು ಜಗಳಕ್ಕೇ ನಿಂತರು.

ಅಜ್ಜ ಸಿಟ್ಟಾಗಲಿಲ್ಲ. "ಕಾಯಿ ನೋಡೇ ಕೊಟ್ಟೀನವ್ವಾ. ಕಲ್ಲು ಬದಲ್ ಮಾಡೀರೇನು?"

ಅತ್ತೆ ಹೌದೆಂದು ತಲೆಯಾಡಿಸಿದರು.

"ಹೊಸಾ ಕಲ್ಲು ತರಿತರಿ ಇರ್ತೈತಿ. ಒಂದ್ ಸುತ್ತಿಗೇ ಜಾಯಿಕಾಯಿ ಬಾಳ ಇಳೀತೈತಿ, ಹೆಚ್ಚಾದ್ರ ಕೂಸಿಗೆ ಮಂಪರು ಹಿಡೀತೈತಿ. ಇದಕ್ಕ ನನ್ ಕಡೆ ಔಷಧ ಇಲ್ಲ. ನಡೀರಿ ಬಳ್ಳಾರಿಗೆ."

ಅಂಗಡಿಗೆ ಬೀಗ ಹಾಕಿ ತಾವೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕೂಸಿನ ಅಂಗಾಲು ತಿಕ್ಕಿದರು. ಹೊಟ್ಟೆಗೆ ಏನು ಹೋಗಿದೆ, ಎಷ್ಟು ಹೋಗಿದೆ ಎಂದು ಆಸ್ಪತ್ರೆಯ ಡಾಕ್ಟರಿಗೆ ಹೇಳಿದವರೂ ಅವರೇ. ಮರುದಿನ ನಿಮ್ಮಪ್ಪ ಅತ್ತ... ಅಂಥ ಸಿಹಿ ಅಳು ನಾನು ಮತ್ತೆ ಕೇಳಿಲ್ಲ.

ಆಮೇಲೆ ಅಜ್ಜ ಕಲ್ಲು ತೋರಿಸದವರಿಗೆ ಜಾಯಿಕಾಯಿ ಕೊಡುತ್ತಿರಲಿಲ್ಲ. ತಾವೇ ಒಂದು ಸುತ್ತು ತೇಯ್ದು, ಅಂಗೈಗೆ ಹಚ್ಚಿ ನೋಡಿ, ಈ ಕಲ್ಲಿಗೆ ಇಷ್ಟು ಸಾಕು ಎಂದು ಹೇಳಿ ಕಳಿಸುವರು.

"ಏನಜ್ಜಾ, ಹೆಣ್ಣು ನೋಡಿದಂಗ ಕಲ್ಲು ನೋಡ್ತೀರಲ್ರಿ!" ಎಂದು ಹೆಂಗಸರು ನಗುತ್ತಿದ್ದರು.

"ಹೆಣ್ಣಿನ ವಿಷಯದಾಗ ತಪ್ಪಿದ್ರ ಗಂಡು ಅಳ್ತಾನ. ಇಲ್ಲಿ ತಪ್ಪಿದ್ರ ತಾಯಿ ಅಳ್ತಾಳವ್ವಾ."

ಅವರಿಗೆ ಕೈ ಮುಗಿದೆನೇ ಹೊರತು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅವರು ತೀರಿಕೊಂಡಾಗ ನಿಮ್ಮಪ್ಪನನ್ನು ಕಳಿಸಿದೆ. ಹೆಗಲು ಕೊಟ್ಟು ಬಂದ.

ಈಗ ಆ ಅಂಗಡಿ ಇಲ್ಲ. ಅತ್ತೆಯೂ ಇಲ್ಲ. ಅಂದಿನ ಹೊಸ ಕಲ್ಲು ಮಾತ್ರ ಸವೆದು ನುಣ್ಣಗಾಗಿ ನನ್ನ ಪೆಟ್ಟಿಗೆಯಲ್ಲಿದೆ. ಬರೀ ಕಲ್ಲೆಂದು ಎಸೆಯಬೇಡಿ. ಈ ಹಾಳೆಗಳನ್ನು ಅದಕ್ಕೇ ಸುತ್ತಿ ಜೋಪಾನವಾಗಿ ಇಡಿ.