ಆಕಾಶಗಂಗೆಗೆ ಅರಿಶಿನ

ಮೊನ್ನೆ ಅಡಿಲೇಡಿನ ಮಳೆಗೆ ಸಿಕ್ಕಿ ನೆನೆದ ಉಣ್ಣೆಯ ಸ್ವೆಟರನ್ನು ಹೀಟರಿನ ಎದುರು ಕುರ್ಚಿಗೆ ಹಾಕಿ, ಟೀ ಮಾಡಿಕೊಂಡು ಬರುವಷ್ಟರಲ್ಲಿ ಕೋಣೆಯ ತುಂಬ ಕುರಿಯ ವಾಸನೆ. ನೀವಾಗಿದ್ದರೆ ಕಿಟಕಿ ತೆಗೆಯುತ್ತಿದ್ದಿರೋ ಏನೋ, ನನಗೆ ನಗು ಬಂತು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ನಾನು ಬಾಡಿಗೆಗಿದ್ದ ಮಾಲತಿ ಆಂಟಿಯ ಮನೆ ವರ್ಷವಿಡೀ ಹೀಗೇ ನಾರುತ್ತಿತ್ತು.

ಅದಕ್ಕೆ ಕಾರಣ ಲಿನ್. ನನ್ನ ಎದುರು ಕೋಣೆಯಲ್ಲಿದ್ದ ತೈವಾನಿನ ಹುಡುಗಿ. ಉಣ್ಣೆ ನೇಯುವ ಕಲಾವಿದೆ. ಮೈಸೂರು ಮೂಲದ ಆಂಟಿಗೆ ಬ್ರಿಸ್ಬೇನಿನಲ್ಲೇ ಟೆಕ್ನಾಲಜಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಂಕಲ್ ಪರ್ತ್‌ನಲ್ಲಿ ಡಾಕ್ಟರು. ಅಲ್ಲಿನ ಕ್ಯಾನಿಂಗ್ಟನ್ ಬಡಾವಣೆಯಲ್ಲಿ ಒಬ್ಬರೇ ಸಾರು ಕುದಿಸಿಕೊಂಡಿದ್ದರು. ದೇಶದ ಆ ತುದಿಗೊಬ್ಬರು, ಈ ತುದಿಗೊಬ್ಬರು. ಇನ್ನು ನಾನು, ಮನೆಯ ಮಿಮಿಕ್ರಿ ವಿಭಾಗ. ಆಂಟಿ ಆಫೀಸ್ ಮೀಟಿಂಗಿನಲ್ಲಿ ‘ನೋ ವರೀಸ್, ಮೇಟ್’ ಎಂಬುದನ್ನು ದೇವರನಾಮದ ರಾಗದಲ್ಲಿ ಹೇಳುವ ಚಂದವನ್ನು ಅವರೆದುರೇ ಅಭಿನಯಿಸಿ ಬೈಸಿಕೊಳ್ಳುತ್ತಿದ್ದೆ. ನಿನ್ನನ್ನೇ ಅನುಕರಿಸು ನೋಡೋಣ ಎಂದು ಲಿನ್ ಒಮ್ಮೆ ಸವಾಲು ಹಾಕಿದಳು. ಪ್ರಯತ್ನಿಸಿದೆ. ಫ್ರಿಜ್ಜಿನೊಳಗೆ ಕೈ ಹಾಕಿ ಸಿಕ್ಕಿಬಿದ್ದವನ ದನಿ ಬಂತು.

ಆ ಚಳಿಗಾಲವೆಲ್ಲ ಅವಳು ನೇಯ್ದದ್ದು ಒಂದೇ ಬಟ್ಟೆ. ಬಿಳಿಯ ಮೇಲೆ ಬಿಳಿ, ಹಜಾರದ ಉದ್ದಕ್ಕೂ ಹಾಸುವಷ್ಟು. ಅವರ ಕಡೆಯ ಪುರಾಣವಂತೆ: ದೇವಲೋಕದಲ್ಲಿ ನೇಯುವ ಹುಡುಗಿಗೂ ಭೂಲೋಕದ ದನಗಾಹಿಗೂ ಮದುವೆಯಾಯಿತು. ದೇವತೆಗಳಿಗೆ ಸಿಟ್ಟು ಬಂದು, ನಡುವೆ ಆಕಾಶಗಂಗೆ ಹರಿಸಿ ಇಬ್ಬರನ್ನೂ ಬೇರೆ ಮಾಡಿದರು. ವರ್ಷಕ್ಕೊಂದು ದಿನ ಮ್ಯಾಗ್‌ಪೈ ಹಕ್ಕಿಗಳು ಸಾಲಾಗಿ ನಿಂತು ಸೇತುವೆ ಆಗುತ್ತವೆ. ಅಂದು ಮಾತ್ರ ಭೇಟಿ. ದಾರಿಹೋಕರ ಮೇಲೆರಗುವ ಬ್ರಿಸ್ಬೇನಿನ ಮ್ಯಾಗ್‌ಪೈಗಳಾಗಿದ್ದರೆ ಸೇತುವೆ ಹಾಗಿರಲಿ, ದನಗಾಹಿಯ ತಲೆ ಕುಕ್ಕಿ ವಾಪಸು ಓಡಿಸುತ್ತಿದ್ದವು ಎಂದೆ. ಲಿನ್ ನಕ್ಕಳು. ಆಂಟಿ ನಗಲಿಲ್ಲ. “ವರ್ಷಕ್ಕೆ ಒಂದೇ ದಿನಾನಾ?” ಎಂದು ಎರಡು ಸಲ ಕೇಳಿದರು.

ಬ್ರಿಸ್ಬೇನಿನದೇ ಇಂಡೂರೂಪಿಲ್ಲಿಯ ಒಂದು ಹಾಲ್‌ನಲ್ಲಿ ಲಿನ್‌ಳ ಮೊಟ್ಟಮೊದಲ ಪ್ರದರ್ಶನ. ಬಟ್ಟೆಯೇ ನಡುವಿನ ಹೊಳೆ, ಅದರ ಎರಡು ತುದಿಗೆ ಎರಡು ಸ್ಟೂಲು. ಬಂದವರಲ್ಲಿ ಇಬ್ಬರು ಕೂತು, ಒಂದೊಂದು ತುದಿಯನ್ನು ಮಡಿಲಲ್ಲಿ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡಬೇಕು. ಅಷ್ಟೇ. ಹಿಂದಿನ ದಿನ ಮಧ್ಯಾಹ್ನ ಅವಳು ಸ್ಟೂಲು ತರಲು ಹೋಗಿದ್ದಳು. ಒಣಗಲು ಹಾಕಿದ್ದ ಬಟ್ಟೆಯನ್ನು ಆಂಟಿ ಒಳಗೆ ತಂದು ಮಡಚುತ್ತಿದ್ದರು. ಮೂಲೆಯಲ್ಲಿ ಹಳದಿ!

“ಆಂಟಿ, ಏನ್ ಮಾಡ್ಬಿಟ್ರಿ?”

“ಹೊಸ ಬಟ್ಟೆ ಕಣೋ. ಮೂಲೆಗೆ ಒಂಚೂರು ಅರಿಶಿನ ಹಚ್ಚಿದೆ. ನಾಳೆ ಅಷ್ಟು ಜನದ ಕಣ್ಣು ಬೀಳುತ್ತೆ, ಹಾಗೇ ಕಳ್ಸೋಕಾಗುತ್ತಾ?”

“ಅದು ಬಟ್ಟೆ ಅಲ್ಲ ಆಂಟಿ, ಆಕಾಶಗಂಗೆ!”

“ಆದ್ರೇನಂತೆ? ಗಂಗೆಗೂ ಅರಿಶಿನ ಹಾಕ್ತೀವಿ.”

ಮಾತು ಮುಗಿಸುತ್ತಲೇ ಅವರಿಗೆ ನನ್ನ ಮುಖ ಕಂಡಿತು, ಗಾಬರಿಯಾಯಿತು. ಬಟ್ಟೆ ಒಗೆಯುವ ಕೋಣೆಗೆ ಓಡಿ ಸೋಪು ತಿಕ್ಕಿದರು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ನಮ್ಮ ಯಾವ ಮನೆಯಲ್ಲಿ ಗೊತ್ತಿಲ್ಲ? ಅಂಗೈಯಗಲದ ಹಳದಿ ಈಗ ಮೊಳದುದ್ದದ ಕೆಂಪು. ಅಷ್ಟರಲ್ಲಿ ಬಾಗಿಲಲ್ಲಿ ಲಿನ್, ಎರಡು ಕೈಯಲ್ಲಿ ಎರಡು ಸ್ಟೂಲು.

ಅವಳು ಕೂಗಾಡಿದ್ದರೆ ನಾನು ಏನಾದರೂ ದನಿ ತೆಗೆದು ನಗಿಸಲು ನೋಡುತ್ತಿದ್ದೆ. ಕೂಗಾಡಲಿಲ್ಲ. ನೆಲದ ಮೇಲೆ ಕೂತು ಬಟ್ಟೆಯನ್ನು ಮಡಿಲಿಗೆಳೆದುಕೊಂಡಳು. ಕಣ್ಣಿಂದ ಸುಮ್ಮನೆ ನೀರಿಳಿಯಿತು. ಆಂಟಿ “ಸಾರಿ ಕಣಮ್ಮ, ಸಾರಿ” ಎನ್ನುತ್ತ ಸೋಪಿನ ಕೈಯಲ್ಲೇ ನಿಂತಿದ್ದರು. ನಾನು ಎರಡು ಸ್ಟೂಲನ್ನೂ ಗೋಡೆಗೆ ಸರಿಸಿಟ್ಟೆ.

ಕೊನೆಗೆ ಲಿನ್ ಕತ್ತರಿ ಕೇಳಿದಳು. ಆಂಟಿ ಕಣ್ಣು ಮುಚ್ಚಿಕೊಂಡರು. ಕೆಂಪಾದ ತುದಿಯನ್ನು ಅವಳು ಅಡ್ಡಡ್ಡ ಕತ್ತರಿಸಿ ತೆಗೆದಳು. “ಉದ್ದ ಸಾಲದು. ಸ್ಟೂಲು ಹತ್ತಿರ ಎಳೆಯಬೇಕು,” ಎಂದಳು ಇಂಗ್ಲಿಷಿನಲ್ಲಿ, ಸಪ್ಪಗೆ.

ಆಂಟಿ ಕಣ್ಣು ಬಿಡದೆಯೇ ಕನ್ನಡದಲ್ಲಿ ಗೊಣಗಿದರು: “ಹತ್ತಿರ ಆದ್ರೆ ಒಳ್ಳೇದೇ ಅಲ್ವಾ. ಪಾಪ, ಎಷ್ಟು ದೂರ ಕೂರಿಸಿದ್ಲು ಅವರನ್ನ.”

ನಾನು ಅದನ್ನು ಲಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಆಂಟಿಯನ್ನು ನೋಡಿದಳು, ಕೈಯಲ್ಲಿದ್ದ ತುಂಡನ್ನು ನೋಡಿದಳು, ಮೂಗು ಒರೆಸಿಕೊಂಡು ನಕ್ಕುಬಿಟ್ಟಳು. ಕತ್ತರಿಸಿದ ಕಡೆ ಎಳೆಗಳು ಬಿಚ್ಚಿಕೊಳ್ಳತೊಡಗಿದ್ದವು. ಆಂಟಿ ಕೈ ತೊಳೆದು ಬಂದು, ಸೀರೆ ಸೆರಗಿಗೆ ಹಾಕುವಂತೆ ಕುಚ್ಚು ಕಟ್ಟಲು ಕೂತರು. ನಾನೂ ಕಟ್ಟಿದೆ, ನಾನು ಕಟ್ಟಿದ್ದನ್ನು ಇಬ್ಬರೂ ಸೇರಿ ಬಿಚ್ಚಿ ಮತ್ತೆ ಕಟ್ಟಿದರು.

ಮಾರನೆಯ ದಿನ ಹಾಲ್‌ನಲ್ಲಿ ಜನ ಸರದಿಯಲ್ಲಿ ಕೂತು ಎದ್ದರು. ಆಂಟಿ ತಮ್ಮ ಸರದಿಗೆ ಒಂದು ಸ್ಟೂಲಿನ ಮೇಲೆ ಕೂತು, ನನ್ನ ಕೈಲಿ ಇನ್ನೊಂದರ ಮೇಲೆ ಫೋನು ಇಡಿಸಿ ಅಂಕಲ್‌ಗೆ ವಿಡಿಯೋ ಕಾಲ್ ಮಾಡಿಸಿದರು. ಪರ್ತ್‌ನಲ್ಲಿ ಅವರಿಗಿನ್ನೂ ತಿಂಡಿ ಹೊತ್ತು.

“ಏನೇ ಇದು, ಬೆಡ್‌ಶೀಟ್ ಮಡಚೋಕೆ ನನ್ನ ಕರೆದ್ಯಾ?”

“ಹೂಂ ರೀ. ಒಬ್ಬಳಿಗೇ ಆಗ್ತಾ ಇಲ್ಲ. ಬಂದು ಆ ಕಡೆ ಹಿಡ್ಕೊಳ್ಳಿ.”

ಅಂಕಲ್ ಮುಂದಿನ ವಾರ ಬಂದರು. ವರ್ಷ ತುಂಬುವುದರೊಳಗೆ ಆಂಟಿಯೇ ಪರ್ತ್‌ಗೆ ಹೋದರು. ಮನೆ ಖಾಲಿಯಾಗಿ, ನಾನು ಅಡಿಲೇಡಿಗೆ ಬಂದೆ.

ಇದೆಲ್ಲ ನೆನಪಾಗುವಷ್ಟರಲ್ಲಿ ಟೀ ಆರಿತ್ತು. ನನ್ನ ಅಕ್ಕ ಇರುವುದೂ ಪರ್ತ್‌ನಲ್ಲೇ. ಬಾ ಬಾ ಎಂದು ಕರೆದಾಗಲೆಲ್ಲ, ಅಯ್ಯೋ ದೂರ ಕಣೆ ಎನ್ನುತ್ತ ಬಂದವನು ನಾನು. ಫೋನು ಮಾಡಿ, ಶನಿವಾರ ಬರುತ್ತೇನೆಂದೆ.

“ಏನಾಯ್ತೋ? ಕೆಲಸ ಹೋಯ್ತಾ?”

“ಇಲ್ಲ ಕಣೆ, ಸುಮ್ನೆ.”

“ಸುಮ್ನೆ ಅಂತ ಯಾರಾದ್ರೂ ಇಷ್ಟು ದೂರ ಬರ್ತಾರಾ?”

“ಬರ್ತಾರೆ,” ಎಂದೆ.