ಮೊಣಕಾಲೆತ್ತರದ ಊಟಿ

ಮೋಟೆಬೆನ್ನೂರಿನ ಮೌಲಾಸಾಬರಿಗೆ ಮಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೂವತ್ತು ವರ್ಷ ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಗುಡ್ಡಗಳಲ್ಲಿ ಸಸಿ ನೆಡುವ ಗುಂಡಿ ತೋಡಿದವರು. ಮದುವೆ ಮನೆಗೆ ಹೋದರೂ ಅಂಗಳದ ಮಣ್ಣನ್ನು ಚಿಟಿಕೆ ಎತ್ತಿ ಬೆರಳಲ್ಲಿ ಹೊಸೆದು ನೋಡುತ್ತಾರೆ. ಹೆಂಡತಿ ಮಕ್ತುಮಬಿ ಕಣ್ಣು ಬಿಟ್ಟರೆ ಮೆಲ್ಲಗೆ ಕೈ ಒರೆಸಿಕೊಳ್ಳುತ್ತಾರೆ. ಅರವತ್ತು ದಾಟಿ ಮೊಣಕಾಲು ಹಿಡಿದುಕೊಂಡ ಮೇಲೆ ಹಾರೆ, ಗುದ್ದಲಿ ಬಾಗಿಲ ಹಿಂದೆ ಸೇರಿದ್ದವು.

ಹೋದ ವರ್ಷ ಮಾರ್ಚ್‌ನಲ್ಲಿ ಫೋಟೋಗ್ರಾಫರ್ ದುರ್ಗೇಶ ಮನೆಗೆ ಬಂದ. ಮದುವೆಗೆ ಮೊದಲೇ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೆಂದು ಅವನು ಹೆದ್ದಾರಿ ಪಕ್ಕದ ತನ್ನ ಹೊಲದಲ್ಲಿ ಜೋಕಾಲಿ, ಬಿದಿರಿನ ಸೇತುವೆ ಎಲ್ಲ ಮಾಡಿಸಿದ್ದ. ಬಂದವರೆಲ್ಲ ಊಟಿ ಊಟಿ ಎನ್ನುವುದನ್ನು ಕೇಳಿ ಕೇಳಿ, ಊಟಿಯನ್ನೇ ಇಲ್ಲಿಗೆ ತರುವ ಹುಕಿ ಹತ್ತಿತ್ತು. ಅದರ ಹಿಂದಿನ ಮುಂಗಾರಿಗೆ, ಬಿಸಿಲಿಗೂ ಒಗ್ಗುತ್ತದೆಂಬ ಜಾತಿಯ ಪೈನ್ ಸಸಿ ನಲವತ್ತು ತರಿಸಿ ನೆಟ್ಟಿದ್ದ. ದಸರೆಯೊಳಗೆ ಒಂದನ್ನು ಬಿಟ್ಟು ಎಲ್ಲವೂ ಸತ್ತಿದ್ದವು.

"ಕಾಕಾ, ಮತ್ತ ಸಸಿ ತರಸಾಕತ್ತೇನಿ. ಈ ಸಲ ತಗ್ಗು ನೀವ ತೋಡಿಕೊಡಬೇಕ್ರಿ."

"ಪೈನ್ ಗಿಡಾ ನಾ ಕ್ಯಾಲೆಂಡರಿನಾಗ ಅಷ್ಟ ನೋಡೇನಿ, ತಮ್ಮಾ."

ಚಹಾ ತಂದ ಮಕ್ತುಮಬಿ ನಡುವೆ ಬಾಯಿ ಹಾಕಿದರು. "ಇವರ ಮಣಕಾಲಿಗೆ ಎಣ್ಣಿ ತಿಕ್ಕಿ ನನ್ನ ಕೈ ಸೋತಾವು. ತೋಡೋರು ಬ್ಯಾರೆ ಇರ್ಲಿ, ಇವರು ಕುಂತು ಹೇಳ್ಲಿ."

ಹೊಲಕ್ಕೆ ಹೋದ ಮೌಲಾಸಾಬರು ಜೋಕಾಲಿಯತ್ತ ತಿರುಗಿಯೂ ನೋಡಲಿಲ್ಲ. ಒಣಗಿದ ಒಂದು ಸಸಿಯನ್ನು ಕಿತ್ತು ಬೇರು ಮೂಸಿದರು. "ಇದು ಬಿಸಲಿಗೆ ಸತ್ತಿಲ್ಲ. ನೀರಾಗ ಮುಳುಗಿ ಸತ್ತೈತಿ."

ಎರೆ ಮಣ್ಣಿನಲ್ಲಿ ಜೆಸಿಬಿ ತೋಡಿದ ಗುಂಡಿಗಳು. ಗೋಡೆಗಳು ಮಡಕೆಯ ಒಳಮೈಯಂತೆ ನುಣ್ಣಗಾಗಿ, ಮಳೆಗಾಲವೆಲ್ಲ ನೀರು ಹಿಡಿದಿದ್ದವು. ಬದುಕಿದ್ದ ಒಂದೇ ಸಸಿ ಹೊಲದ ಹಿಂದಿನ, ನೀರು ನಿಲ್ಲದ ಕೆಂಪು ಮೊರಮಿನ ದಿಬ್ಬದ ಮೇಲಿತ್ತು. ಜಾಗ ಸಾಲದೆ ಅಲ್ಲಿ ಚುಚ್ಚಿದ್ದೆನೆಂದು ದುರ್ಗೇಶ ಒಪ್ಪಿಕೊಂಡ.

"ಹಂಗಾದ್ರ ಎಲ್ಲಾ ಅಲ್ಲೇ ಹಚ್ಚೂಣು."

"ಹೆದ್ದಾರಿ ಕಡೆ ಇದ್ರ ಹೋಗೋ ಬರೋರಿಗೆ ಕಾಣತಿತ್ರಿ, ಕಾಕಾ."

"ಒಣಗಿದ್ದು ಕಂಡು ಏನ್ ಮಾಡ್ತಿ?"

ಇಬ್ಬರು ಆಳುಗಳು ಬಂದರು. ಎರಡು ದಿನ ಮೌಲಾಸಾಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ಮೂರನೆಯ ದಿನ ದುರ್ಗೇಶ ಬಂದಾಗ ಕುರ್ಚಿಯಲ್ಲಿ ಕೊಡೆ ಮಾತ್ರ ಇತ್ತು, ಅವರು ಗುಂಡಿಯೊಳಗಿದ್ದರು. ಹಾರೆಯಿಂದ ತಳದ ಗಟ್ಟಿ ಪದರ ಒಡೆದು, ಬೇರು ನುಗ್ಗಲೆಂದು ಗೋಡೆ ಕೆರೆಯುತ್ತಿದ್ದರು. ಪ್ರತಿ ಗುಂಡಿಯ ಸುತ್ತ ಮಾರುದ್ದ ಹುಲ್ಲು ಬೇರುಸಹಿತ ಹೋಯಿತು. ಮೇಲ್ಮಣ್ಣು ಒಂದು ಕಡೆ, ಒಳಮಣ್ಣು ಇನ್ನೊಂದು ಕಡೆ ಬಿದ್ದು ಬೇಸಿಗೆಯ ಬಿಸಿಲು ಕುಡಿದವು. ಮಕ್ತುಮಬಿಗೆ ಈ ಸುದ್ದಿ ಮುಟ್ಟಬಾರದೆಂದು ಆಳುಗಳಿಂದ ಮಾತು ತೆಗೆದುಕೊಂಡಿದ್ದರು. ಆದರೆ ಪಾಯಜಾಮದ ಕೆಂಪು ಮಣ್ಣು ಸಂಜೆಗೇ ಎಲ್ಲ ಹೇಳಿತು.

ಜೂನ್‌ನಲ್ಲಿ ಹೊಸ ನಲವತ್ತು ಸಸಿಗಳ ಜೊತೆ ಒಂದು ಚೀಲ ಮಣ್ಣೂ ಬಂತು.

"ಇದ್ಯಾಕ ಬಂತು?"

"ಹೋದ ಸಲಾನೂ ನರ್ಸರಿಯವರು ಕಳಿಸಿದ್ರು, ಕಾಕಾ. ಪ್ಯಾಕಿಂಗ್ ಅಂತ ತಿಳದು ಒಗದಬಿಟ್ಟೆ."

ಮೌಲಾಸಾಬರು ನರ್ಸರಿಗೆ ಫೋನ್ ಹಚ್ಚಿಸಿದರು. ಹಳೆಯ ಪೈನ್ ಮರಗಳ ಬುಡದ ಮಣ್ಣಂತೆ ಅದು. ಅದರಲ್ಲಿರುವ ಬೂಷ್ಟು ಬೇರಿಗೆ ಅಂಟಿಕೊಂಡರೆ ಮಾತ್ರ ಸಸಿ ಚೆನ್ನಾಗಿ ಉಣ್ಣುತ್ತದೆ, ಗುಂಡಿಗೊಂದು ಬೊಗಸೆ ಹಾಕಿರಿ ಎಂದರು ನರ್ಸರಿಯವರು. ಮೌಲಾಸಾಬರು ಆ ಚೀಲವನ್ನು ದುರ್ಗೇಶನ ಕೈಗೆ ಸಿಗದಂತೆ ತಮ್ಮ ಕುರ್ಚಿಯ ಕೆಳಗೆ ಎಳೆದಿಟ್ಟುಕೊಂಡರು.

ಮೇಲ್ಮಣ್ಣಿಗೆ ಆ ಮಣ್ಣು ಬೆರೆಸಿ ಗುಂಡಿ ತುಂಬಿ, ನಡುವೆ ತುಸು ಎತ್ತರಿಸಿ ಸಸಿ ಕೂರಿಸಿದರು. ಪಡುವಣ ಬಿಸಿಲಿಗೆ ಅಡ್ಡವಾಗಿ ಒಣಗಿದ ಮೆಣಸಿನಗಿಡದ ಕಟ್ಟಿಗೆ ನೆಟ್ಟರು.

ಈ ಸಂಕ್ರಾಂತಿಗೆ ನಲವತ್ತರಲ್ಲಿ ಮೂವತ್ತೊಂದು ಹಸಿರಾಗಿದ್ದವು. ಎತ್ತರ ಮಾತ್ರ ಮೊಣಕಾಲಷ್ಟು. ಅವು ಮರವಾಗಿ ಕಾಣಬೇಕಾದರೆ ಜೋಡಿಗಳು ನೆಲಕ್ಕೆ ಕೂರಬೇಕು, ದುರ್ಗೇಶ ಬೋರಲು ಮಲಗಿ ಕ್ಯಾಮೆರಾ ಹಿಡಿಯಬೇಕು. ಹಾಗೆ ತೆಗೆದ ಫೋಟೋ ನೋಡಿ ಬ್ಯಾಡಗಿಯ ಮದುಮಗಳು ನಸ್ರೀನಳನ್ನು ಅವಳ ಅತ್ತೆಯೇ, "ಯಾವಾಗ ಊಟಿಗೆ ಹೋಗಿದ್ರಿ?" ಎಂದು ಕೇಳಿದರಂತೆ.

ಶುಕ್ರವಾರ ನಮಾಜು ಮುಗಿಸಿ ಮೌಲಾಸಾಬರು ಹುಲ್ಲು ಕೀಳಲು ಹೋಗುತ್ತಾರೆ. ಮೊನ್ನೆ ಫೋಟೋಕ್ಕೆಂದು ಮದುಮಗಳ ಪಕ್ಕ ಕೂತ ಮದುಮಗನೊಬ್ಬ ಸಸಿಯ ಮೇಲೆ ಕೈಯೂರಿ ವಾಲಿದ್ದ.

"ಗಿಡಕ್ಕ ಒರಗಬ್ಯಾಡ್ರಿ," ಎಂದರು ಮೌಲಾಸಾಬರು, ಕುರ್ಚಿ ಎಳೆದುಕೊಳ್ಳುತ್ತ. "ಒಬ್ಬರಿಗೊಬ್ಬರು ಒರಗ್ರಿ."