ಯಜಮಾನರ ಸಾಧು ಜೇನು

ಹೋದ ವಾರ ಸಾಗರದ ಗೊಬ್ಬರದಂಗಡಿಯಲ್ಲಿ ಗಂಧಕದ ಚೀಲವೊಂದು ಒಡೆದು ಪುಡಿ ನೆಲಕ್ಕೆ ಚೆಲ್ಲಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಬಂದದ್ದನ್ನು ಮರೆತು ಹೊರಗೆ ಬಂದು ನಿಂತೆ. ನಿಟ್ಟೂರಿನ ಯಜಮಾನರು ನೆನಪಾದರು...

ಅಲ್ಲಿನ ಶಾಲೆಗೆ ಮೇಷ್ಟ್ರಾಗಿ ಹೋದಾಗ ನಾನು ಬಾಡಿಗೆಗಿದ್ದದ್ದು ಅವರ ಮನೆಯ ಹೊರಕೋಣೆಯಲ್ಲಿ. ಹಿತ್ತಿಲ ತುಂಬ ತುಡುವೆ ಜೇನಿನ ಪೆಟ್ಟಿಗೆಗಳು. ಮೊದಮೊದಲು ಅವುಗಳಲ್ಲಿ ಎಲ್ಲ ಥರದವೂ ಇದ್ದವಂತೆ: ಕಾಡಿನಿಂದ ಹಿಡಿದ ಸಣ್ಣ ಕಪ್ಪು ನೊಣ, ತುಮರಿ ಕಡೆಯಿಂದ ತಂದ ಹಳದಿ ಪಟ್ಟೆಯದು. ಯಜಮಾನರಿಗೆ ಬೇಕಾಗಿದ್ದು ದೊಡ್ಡ ಮೈಯ, ಹಳದಿ ಪಟ್ಟೆಯ, ಕಚ್ಚದ ಜೇನು. ಅಂಥ ರಾಣಿಯ ಸಂತಾನವನ್ನಷ್ಟೇ ಬೆಳೆಸಿ, ಉಳಿದ ರಾಣಿಗಳನ್ನು ವರ್ಷವರ್ಷವೂ ಎರಡು ಬೆರಳ ನಡುವೆ ಹಿಚುಕಿ ಎಸೆಯುತ್ತಿದ್ದರು. ಒಂದು ದಿನ ನನ್ನ ಕೈಗೂ ಒಂದನ್ನು ಕೊಟ್ಟರು.

"ಎಂತ ನೋಡ್ತೀರಿ ಮೇಷ್ಟ್ರೇ? ಚಿವುಟಿ. ಇದ್ರ ಬುದ್ಧಿ ಇದ್ರ ಮಕ್ಳಿಗೆ ಬರದು ಬೇಡ."

ಚಿವುಟಿದೆ. ಎರಡನೆಯದನ್ನು ಅವರು ಹೇಳುವ ಮೊದಲೇ ಚಿವುಟಿದೆ.

ನಾನಿದ್ದ ಕೆಲವೇ ವರ್ಷಗಳಲ್ಲಿ ಎಲ್ಲ ಪೆಟ್ಟಿಗೆಯ ನೊಣಗಳೂ ಒಂದೇ ಅಚ್ಚಿನಲ್ಲಿ ತೆಗೆದಂತಾದವು. ಬರಿಗೈಯಲ್ಲಿ ಮೇಣದ ಎರಿ ಎತ್ತಿದರೂ ಸುಮ್ಮನಿರುತ್ತಿದ್ದವು. ತೊಡಕಿದ್ದದ್ದು ಒಂದೇ. ಆಚೆಮನೆಯ ಅಕ್ಕ ತಾವೇ ಮರದ ಪೊಟರೆಯಿಂದ ಹಿಡಿದು ತಂದ ನಾಲ್ಕು ಪೆಟ್ಟಿಗೆ ಕಪ್ಪು ಜೇನು ಸಾಕಿದ್ದರು. ರಾಣಿ ಕೂಡುವುದು ಆಕಾಶದಲ್ಲಿ. ಅಲ್ಲಿ ಅಕ್ಕನ ಗಂಡುನೊಣ ಯಾವುದು, ಇವರದು ಯಾವುದು ಎಂದು ನೋಡಿ ತಡೆಯುವವರಿಲ್ಲ. ಯಾರಿಗಾದರೂ ಕೊಟ್ಟುಬಿಡಿ ಎಂದು ಯಜಮಾನರು ಎರಡು ಸಲ ಹೇಳಿಕಳಿಸಿದರು. ಅಕ್ಕ ಒಪ್ಪಲಿಲ್ಲ.

ಮಗಳ ಹೆರಿಗೆಗೆಂದು ಅಕ್ಕ ತೀರ್ಥಹಳ್ಳಿಗೆ ಹೋದ ವಾರ ಅದು. ಸಂಜೆ ನೊಣಗಳೆಲ್ಲ ಒಳಸೇರಿದ ಮೇಲೆ ಯಜಮಾನರು ನನ್ನನ್ನು ಕರೆದರು. ಮಣ್ಣು ಕಲಸಿ ನಾಲ್ಕೂ ಪೆಟ್ಟಿಗೆಯ ಬಾಗಿಲು ಮೆತ್ತಿದವನು ನಾನು. ಒಳಗೆ ಗಂಧಕ ಹೊತ್ತಿಸಿ ಮುಚ್ಚಿದವರು ಅವರು. ಪೆಟ್ಟಿಗೆಗಳು ಮೊರೆದವು. ಆ ಮೊರೆತ ಏರುತ್ತ ಹೋಗಿ... ಆಮೇಲೆ ನಿಂತಿತು. ಮಣ್ಣು ಕೆರೆದು ತೆಗೆದು, ಕೈ ತೊಳೆದು, ಊಟಕ್ಕೆ ಕೂತೆವು.

ಅಕ್ಕ ಬಂದು ನೋಡಿದಾಗ ಯಜಮಾನರು, "ರೋಗ ಇರ್ಬೇಕು" ಎಂದರು. ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಪೆಟ್ಟಿಗೆಯನ್ನು ಮೂಸಿ ನೋಡಿ ಒಳಗೆ ಹೋದರು.

ರೋಗ ನಿಜವಾಗಿ ಬಂದದ್ದು ಮರುವರ್ಷ. ಮರಿಗಳು ನೀರು ತುಂಬಿದ ಚೀಲದಂತಾಗಿ ಎರಿಯಲ್ಲೇ ಸತ್ತವು. ಬೇರೆ ಬೇರೆ ರಕ್ತವಿದ್ದಿದ್ದರೆ ಯಾವುದಾದರೊಂದು ತಡೆದುಕೊಳ್ಳುತ್ತಿತ್ತೇನೋ. ಒಂದೇ ತಾಯಿಯ ಸಂತಾನ, ಒಂದೇ ಥರ ಸತ್ತಿತು. ತಿಂಗಳೊಳಗೆ ಹಿತ್ತಿಲು ಖಾಲಿ.

ಅಕ್ಕನ ಜೇನಿನಿಂದ ಹಿಂದೆಂದೋ ಹಾರಿಹೋಗಿದ್ದ ಒಂದು ಹಿಂಡು ಅವರದೇ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಯಜಮಾನರು ಹೋಗಿ ಕೈಮುಗಿದು ನಿಂತರು.

"ಗಂಧಕ ಹಾಕಿದ್ದು ನಾನೇ. ತಪ್ಪಾಯ್ತು. ಈ ರಾಣಿ ಒಂದನ್ನ ಕೊಡು, ತಂಗಿ."

ಅಕ್ಕ ಗೋಡೆಯ ಮಣ್ಣು ಕೆಡವಿ ಎರಿಗಳನ್ನೆಲ್ಲ ಕಿತ್ತು ನೆಲಕ್ಕೆ ಹಾಕಿದರು. ಮೈತುಂಬ ಕಚ್ಚಿಸಿಕೊಳ್ಳುತ್ತಲೇ ರಾಣಿಯನ್ನು ಹುಡುಕಿ ಹಿಡಿದರು.

"ಕಪ್ಪಿದೆ ನೋಡಿ. ನಿಮಗೆ ಕಪ್ಪು ಆಗಲ್ಲ ಅಲ್ವಾ?"

ಅವರೆದುರೇ ಚಿವುಟಿ, ಅವರು ಚಾಚಿದ್ದ ಅಂಗೈ ಮೇಲಿಟ್ಟರು. ಯಜಮಾನರ ಮುಖ, ಕತ್ತು, ಕಣ್ಣಿನ ರೆಪ್ಪೆ ಎಲ್ಲೆಂದರಲ್ಲಿ ನೊಣಗಳು ಕಚ್ಚಿದವು. ಅವರು ಕದಲಲಿಲ್ಲ. ನಾನು ದೂರದಿಂದ ನೋಡುತ್ತಿದ್ದೆ. ಮರುವಾರದಿಂದ ಖಾಲಿ ಪೆಟ್ಟಿಗೆಗಳು ಒಂದೊಂದಾಗಿ ಬಚ್ಚಲೊಲೆಗೆ ಹೋದವು. ಯಜಮಾನರು ಮತ್ತೆ ಜೇನು ಸಾಕಲಿಲ್ಲ. ಈಗ ಅವರೂ ಇಲ್ಲ. ಆ ಕಪ್ಪು ಜೇನನ್ನು ಅಲ್ಲಿ ಸುತ್ತಮುತ್ತ ನಾನು ಮತ್ತೆ ಕಾಣಲಿಲ್ಲ.

ಅಂಗಡಿಯಿಂದ ಮನೆಗೆ ಬಂದವನಿಗೆ ಸಮಾಧಾನವಾಗಲಿಲ್ಲ. ಮೊನ್ನೆ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ. ಅಕ್ಕ ಮಗಳ ಮನೆಯಲ್ಲಿದ್ದಾರೆ, ಬಹಳ ವಯಸ್ಸಾಗಿದೆ. ಮಣ್ಣು ಮೆತ್ತಿದವನು ನಾನು ಎಂದು ಹೇಳಿದೆ.

"ಗೊತ್ತಿತ್ತು ಮೇಷ್ಟ್ರೇ," ಎಂದರು. "ಅವ್ರು ಒಂದ್ ವರ್ಷಕ್ಕೆ ಬಂದು ಒಪ್ಕೊಂಡ್ರು. ನೀವು ಈಗ ಬಂದ್ರಾ?"